ಇದ್ದೀರಾ?

ಎಕ್ಸ್‌ಚೇಂಜ್ ಅಕ್ಕ ಮೂವತ್ತೊಂದು ವರ್ಷ ಟೆಲಿಫೋನ್ ಕಚೇರಿಯ ಸ್ವಿಚ್‌ಬೋರ್ಡಿನಲ್ಲಿ ಊರಿನವರ ಮಾತನ್ನು ಒಂದು ತೂತಿನಿಂದ ಇನ್ನೊಂದು ತೂತಿಗೆ ಸಿಕ್ಕಿಸಿ ನಿವೃತ್ತರಾದವರು. ಮದುವೆಯಾಗಿರಲಿಲ್ಲ. ಯಾಕೆಂದು ಕೇಳಿದವರಿಗೆ, "ಲೈನ್ ಬ್ಯುಸಿ ಇತ್ತು" ಎನ್ನುತ್ತಿದ್ದರು.

ಎಪ್ಪತ್ತೆರಡನೇ ವಯಸ್ಸಿಗೆ ಬಡಾವಣೆಯ ಹಿರಿಯರ ಸಂಘ ಸೇರಿದಾಗ ಕಾರ್ಯದರ್ಶಿ ನರ್ಸಮ್ಮ ಅಕ್ಕನಿಗೊಂದು ಕೆಲಸ ಹಚ್ಚಿದರು. ಒಂಟಿಯಾಗಿರುವ ಹತ್ತೊಂಬತ್ತು ಸದಸ್ಯರಿಗೆ ದಿನಾ ಬೆಳಗ್ಗೆ ಏಳರಿಂದ ಫೋನ್ ಮಾಡುವುದು. ಎರಡು ಸಲ ಮಾಡಿದರೂ ಎತ್ತದಿದ್ದರೆ ಮನೆಗೇ ಹೋಗಿ ನೋಡುವುದು.

ಅಕ್ಕ ಕೇಳುತ್ತಿದ್ದುದು ಒಂದೇ ಮಾತು: "ಇದ್ದೀರಾ?" ಹದಿನೆಂಟು ಜನ "ಇದ್ದೀನಿ" ಎನ್ನುತ್ತಿದ್ದರು. ಉಳಿದೊಬ್ಬರು ಬೀಗದ ಮೇಷ್ಟ್ರು. ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಐವತ್ತು ವರ್ಷ ಬೀಗ ರಿಪೇರಿ ಮಾಡುತ್ತ, ಕೀಲಿಕೈ ಕಳೆದುಕೊಂಡು ಬಂದವರಿಗೆಲ್ಲ ಬುದ್ಧಿ ಹೇಳಿ ಹೇಳಿ ಆ ಹೆಸರು ಬಂದಿತ್ತು. ಅವರು "ಇಲ್ಲ" ಎಂದು ಫೋನ್ ಇಡುತ್ತಿದ್ದರು. ಅಕ್ಕ ಪಟ್ಟಿಯಲ್ಲಿ ಸರಿ ಗುರುತು ಹಾಕುತ್ತಿದ್ದರು.

ಒಂದು ದಿನ ಮೇಷ್ಟ್ರು ಎರಡು ಸಲವೂ ಎತ್ತಲಿಲ್ಲ. ಅಕ್ಕ, ನರ್ಸಮ್ಮ ಹೊರಟರು, ದಾರಿಯಲ್ಲಿ "ಏನಾಯ್ತಂತೆ?" ಎನ್ನುತ್ತ ಇನ್ನೂ ಆರು ಜನ ಕೂಡಿಕೊಂಡರು. ಬೀಗ ಮೇಷ್ಟ್ರ ಕೈಕೆಲಸವೇ ಆದ್ದರಿಂದ ಯಾರಿಗೂ ಜಗ್ಗಲಿಲ್ಲ. ಕೊನೆಗೆ ಬಡಗಿಯನ್ನು ಕರೆಸಿ ಬಾಗಿಲನ್ನೇ ಕಿತ್ತರು. ಎಲ್ಲರೂ ಒಳಗೆ ನುಗ್ಗಿದಾಗ ಮೇಷ್ಟ್ರು ಟವೆಲ್ ಸುತ್ತಿಕೊಂಡು, ತಲೆ ತುಂಬ ಸೋಪಿನ ನೊರೆಯೊಂದಿಗೆ, ನಲ್ಲಿ ಭೋರ್ಗರೆಯುತ್ತಿದ್ದ ಬಚ್ಚಲಿನಿಂದ ಹೊರಬಂದರು.

"ಮನುಷ್ಯ ಸ್ನಾನ ಮಾಡೋ ಹಾಗಿಲ್ವಾ?"

"ನೀವು ಫೋನ್ ಎತ್ಲಿಲ್ಲ," ಎಂದರು ಅಕ್ಕ.

"ದಿನಾ ಎದ್ದ ತಕ್ಷಣ 'ಸತ್ರಾ, ಸತ್ರಾ' ಅಂತ ಕೇಳಿದ್ರೆ ಬದುಕಿರೋನಿಗೆ ಬೇಜಾರಾಗಲ್ವಾ ಅಕ್ಕಾ? ನನ್ನ ಹೆಸರು ಹೊಡೆದು ಹಾಕಿ."

ಅಕ್ಕನಿಗೆ ಅಂದು ಊಟ ಸೇರಲಿಲ್ಲ. ಕಚೇರಿಯಲ್ಲಿ ಎರಡು ಮಾತಿಗಿಂತ ಹೆಚ್ಚಾಡಿದರೆ ಮೇಲಿನವರ ನೋಟೀಸು ಬರುತ್ತಿತ್ತು. ಈಗ ತಮ್ಮ ಮೇಲೆ ಯಾರೂ ಇಲ್ಲವೆಂಬುದು ಅವರಿಗೆ ಹೊಳೆದದ್ದು ಆ ಮಧ್ಯಾಹ್ನವೇ.

ಮರುದಿನ ಮೇಷ್ಟ್ರಿಗೆ ಫೋನ್ ಮಾಡಿ, "ನಮ್ಮ ಬೀರು ಬಾಗಿಲು ಹಾಕಿದ್ರೆ ತೆಗೆಯೋಕೆ ಬರಲ್ಲ. ಏನ್ ಮಾಡ್ಲಿ?" ಎಂದರು. ಮೇಷ್ಟ್ರು ಇಪ್ಪತ್ತು ನಿಮಿಷ ಬುದ್ಧಿ ಹೇಳಿದರು. ಆಮೇಲೆ ಅಕ್ಕ ಒಬ್ಬರ ಮಂಡಿ, ಇನ್ನೊಬ್ಬರ ಬೆಕ್ಕು, ಮತ್ತೊಬ್ಬರ ಅಳಿಯ ಎಂದು ಎಲ್ಲರನ್ನೂ ವಿಚಾರಿಸತೊಡಗಿದರು. ಏಳೂವರೆಗೆ ಮುಗಿಯುತ್ತಿದ್ದ ಕೆಲಸ ಹತ್ತಕ್ಕೂ ಮುಗಿಯದಾಯಿತು.

"ಅಕ್ಕಾ, ಕೊನೆಯವರು ಇದ್ದಾರೋ ಇಲ್ವೋ ಅಂತ ಗೊತ್ತಾಗೋದು ಊಟದ ಹೊತ್ತಿಗೆ!" ಎಂದು ನರ್ಸಮ್ಮ ಗೊಣಗಿದರು.

ಮೇಷ್ಟ್ರು ತಮ್ಮ ಪಾಲಿಗೆ ಪಟ್ಟಿಯವರ ಮನೆಗಳಿಗೆಲ್ಲ ಇನ್ನೊಂದೊಂದು ಕೀಲಿಕೈ ಮಾಡಿ ಸಂಘದ ಗೋಡೆಗೆ ತೂಗುಹಾಕಿದರು. ಅಕ್ಕನ ಮನೆಯದನ್ನೂ ಸೇರಿಸಿದರು. ಜೊತೆಗೊಂದು ಕಟ್ಟಳೆ: ಮೊದಲು ಬಾಗಿಲು ತಟ್ಟಬೇಕು, ಹೆಸರು ಹೇಳಬೇಕು, ಒಪ್ಪಿಗೆ ಕೇಳಬೇಕು. ಉತ್ತರವೇ ಬಾರದಿದ್ದರೆ ಮಾತ್ರ ಕೇಳದೆ ತೆರೆಯಬಹುದು.

ಒಂದು ಬೆಳಗ್ಗೆ ಏಳಕ್ಕೆ, ಪಟ್ಟಿಯಲ್ಲಿ ಮೊದಲಿನವರಾದ ಮೇಷ್ಟ್ರ ಫೋನ್ ಸದ್ದು ಮಾಡಲಿಲ್ಲ. ಏಳೂಕಾಲಿಗೆ ತಾವೇ ಅಕ್ಕನಿಗೆ ಮಾಡಿದರು, ಎತ್ತಲಿಲ್ಲ. ಎಲ್ಲರಿಗೂ ಫೋನ್ ಮಾಡುವ ಹೆಂಗಸು ಯಾರ ಪಟ್ಟಿಯಲ್ಲೂ ಇಲ್ಲವೆಂಬುದು ಆಗ ಅವರ ಗಮನಕ್ಕೆ ಬಂತು. ನರ್ಸಮ್ಮನಿಗೆ ಹೇಳಿ, ಸಂಘದಿಂದ ಕೀಲಿಕೈ ತೆಗೆದುಕೊಂಡು ಓಡಿದರು. ಬಾಗಿಲು ತಟ್ಟಿದರು.

"ನಾನು, ಬೀಗದೋನು. ಬರಬಹುದಾ?"

"ಬಿದ್ದಿದ್ದೀನಿ," ಒಳಗಿಂದ ಅಕ್ಕನ ದನಿ. "ಸ್ವಲ್ಪ ತಡೀರಿ, ಬಟ್ಟೆ ಸರಿ ಮಾಡ್ಕೋತೀನಿ."

ಮೇಷ್ಟ್ರು ಕೀಲಿಕೈಯನ್ನು ಬೀಗಕ್ಕೆ ತೂರಿಸಿ, ತಿರುಗಿಸದೆ, ಬೀದಿಯ ಕಡೆ ಮುಖ ಮಾಡಿ ನಿಂತರು. ಒಳಗೆ ನೋವಿಗೆ ಅಕ್ಕ ನರಳುವುದು ಕೇಳಿಸುತ್ತಿತ್ತು. ಅಷ್ಟರಲ್ಲಿ ನರ್ಸಮ್ಮ ಏದುಸಿರು ಬಿಡುತ್ತ ಬಂದು, "ತೆಗೀರಿ!" ಎಂದರು.

"ಅವರು ಇನ್ನೂ ಹೇಳಿಲ್ಲ," ಎಂದರು ಮೇಷ್ಟ್ರು.

"ಹೂಂ, ಬನ್ನಿ," ಎಂದರು ಅಕ್ಕ.

ಕಾಲಿನ ಮೂಳೆ ಮುರಿದಿತ್ತು. ಅಡುಗೆಮನೆಯ ಒದ್ದೆ ನೆಲ. ಏಳಾಗಿಬಿಟ್ಟೀತೆಂದು ಫೋನಿಗೆ ಓಡಿದ್ದರಂತೆ. ಆರು ವಾರ ಪ್ಲಾಸ್ಟರು. ಮಂಚದಿಂದಲೇ ಫೋನ್ ಮಾಡುತ್ತಿದ್ದರು. ಅದಕ್ಕೆ ಮೊದಲು, ಆರೂ ಮುಕ್ಕಾಲಿಗೆ, ಮೇಷ್ಟ್ರು ಅವರಿಗೆ ಮಾಡಬೇಕೆಂದು ಸಂಘ ಗೊತ್ತು ಮಾಡಿತು. ಮೊದಲ ದಿನ ಮೇಷ್ಟ್ರಿಗೆ ಏನು ಕೇಳಬೇಕೆಂದು ತಿಳಿಯಲಿಲ್ಲ. "ತಿಂಡಿ ಏನು?" ಎಂದರು. "ನಿನ್ನೆಯದೇ," ಎಂದರು ಅಕ್ಕ.

ಪ್ಲಾಸ್ಟರು ಬಿಚ್ಚಿದ ಮೇಲೆ ಸಂಘದ ಸಭೆಯಲ್ಲಿ, ಬೀಳದಂತೆ ಎಚ್ಚರ ವಹಿಸುವ ಕುರಿತು ನಾಲ್ಕು ಮಾತಾಡಿ ಎಂದು ಅಕ್ಕನನ್ನು ಎಬ್ಬಿಸಿದರು.

"ಓಡಬೇಡಿ," ಎಂದು ಹೇಳಿ ಅಕ್ಕ ಕೂತರು. ತಾವು ಮೂರು ದಿನ ಕೂತು ಬರೆದುಕೊಟ್ಟ ಭಾಷಣ ಎಲ್ಲಿ ಹೋಯಿತೆಂದು ಮೇಷ್ಟ್ರು ಮನೆ ಮುಟ್ಟುವವರೆಗೂ ಜಗಳವಾಡಿದರು.