ಹಿತ್ತಲದ ನಂದಿಬಟ್ಟಲ

ನನ್ನ ಬೆನ್ನಿಗೆ ಹುಟ್ಟಿದ ತಮ್ಮ ಹೆಸರಿಡೂಕಿಂತ ಮೊದಲೇ ಹೋದ. ಕಲಬುರ್ಗ್ಯಾಗ ನಮ್ಮನಿ ಹಿತ್ತಲದಾಗೇ ಮಣ್ಣು ಮಾಡಿದ್ರು. ನಮ್ಮವ್ವ ಆ ಮಣ್ಣಿನ ಮ್ಯಾಲ ಒಂದು ನಂದಿಬಟ್ಟಲದ ಟೊಂಗಿ ತಂದು ಹಚ್ಚಿದಳು. ಟೊಂಗಿ ಚಿಗತು ಗಿಡ ಆತು. ಆವತ್ತಿನಿಂದ ಇನ್ನೊಂದು ಕೂಸು ಮನ್ಯಾಗ ಅದ ಅನ್ನೂದೇ ಅಕಿಗೆ ಮರತುಹೋತು.

ಆ ಗಿಡದ ಚಾಕರಿ ಏನು ಕೇಳ್ತೀರಿ! ಬುಡಕ್ಕ ಕುರಿಗೊಬ್ಬರ, ಹುಳ ಕಂಡ್ರ ಒಲಿ ಬೂದಿ, ಎಲಿ ಮ್ಯಾಲ ಧೂಳು ಕುಂತ್ರ ಸೆರಗಿಲೆ ಒರಸೂದು. ಹೂ ಹರದ ಕಡೆ ಬಿಳಿ ಹಾಲು ಒಸರ್ತದಲ್ಲ, ಅದನ್ನ ನೋಡಿ ಅವ್ವ ಅಳ್ತಿದ್ಲು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರ, ನಮ್ಮವ್ವಗ ಗಿಡ ಮುದ್ದು. ನನಗ ಹೊಟ್ಟಿ ಉರೀತಿತ್ತು. ಒಮ್ಮೆ ನನ್ನ ಮಾರಿ ನೋಡಿದ್ರ ಸಾಕಿತ್ತು.

ಮಗ್ಗಲ ಮನಿ ಕಾಕೂಗ ಮಕ್ಕಳಿರಲಿಲ್ಲ. ಗ್ವಾಡಿ ಆಚೆ ನಿಂತು, “ಒಂದಿನ ನಾ ಹಾಕ್ತೀನವ್ವ ನೀರು” ಅಂತ ಬೇಡಕೋತಿದ್ಲು. “ನಮ್ಮ ಹುಡುಗನ್ನ ನಾವು ನೋಡ್ಕೋತೇವ್ರಿ” ಅಂತ ಅವ್ವ ಬಾಯಿ ಮುಚ್ಚಸ್ತಿದ್ಲು.

ಒಂದು ಛಳಿಗಾಲ ಊರಿಗೆ ಪ್ಲೇಗು ಬಂತು. ಮನಿಮನ್ಯಾಗ ಇಲಿ ಉರುಳಿ ಬಿದ್ವು. ಊರು ಬಿಡ್ರಿ ಅಂತ ನಿಜಾಮ ಸರಕಾರದವರು ಡಂಗುರ ಹೊಡಿಸಿದ್ರು. ಗಿಡ ಹಿಡಕೊಂಡು ಕುಂತ ಅವ್ವನ್ನ ಅಪ್ಪ ರಟ್ಟಿ ಹಿಡಿದು ಎಳದು ಬಂಡ್ಯಾಗ ಕೂಡಿಸಿದ. ಕಮಲಾಪುರದಾಗ ಅಜ್ಜಿ ಹೊಲದಾಗ ಗುಡಿಸಲ ಹಾಕ್ಕೊಂಡ್ವಿ. ಕಾಕೂ ಬರಲಿಲ್ಲ. ಆಕಿಗೆ ಆಗಲೇ ಜ್ವರ ಏರಿತ್ತು.

ಹೊಲದಾಗ ಅವ್ವ ದಿನಾ ಸಂಜಿಗೆ ಕಲಬುರ್ಗಿ ಕಡೆ ಮಾರಿ ಮಾಡಿ, ಬರೇ ಕೆಂಪು ಮಣ್ಣಿಗೆ ಒಂದು ಚರಗಿ ನೀರು ಹಾಕ್ತಿದ್ಲು. ನಾವು ಬಂದ ಮರುದಿನಾನೇ ಕಾಕೂ ತೀರಿಹೋದ್ಲಂತ ಸುದ್ದಿ ಬಂತು. ಅಜ್ಜಿ ಅತ್ತಳು. ಅವ್ವ ಕೇಳಿದ್ದು ಒಂದೇ ಮಾತು: “ಮತ್ತ ಗಿಡಕ್ಕ ನೀರು?”

ತಿರುಗಿ ಬರೂದರಾಗ ಬ್ಯಾಸಗಿ ಮುಗೀತಾ ಬಂದಿತ್ತು. ಮನಿಗೆ ಹಾಕಿದ ಕೀಲಿ ಹಂಗೇ ಇತ್ತು. ಬಾವಿ ಹಗ್ಗಕ್ಕ ಗೆದ್ಲ ಹತ್ತಿತ್ತು. ತುಳಸಿ ಒಣಗಿ ಕಡ್ಡಿಯಾಗಿತ್ತು, ನಿಂಬಿಗಿಡ ಸತ್ತಿತ್ತು. ನಂದಿಬಟ್ಟಲ ಮಾತ್ರ ಹಸರಗೆ, ಮೈತುಂಬ ಹೂ ಬಿಟ್ಟು ನಿಂತಿತ್ತು. ಬುಡದ ಮಣ್ಣು ಹಸಿ. ಎಲಿ ಮ್ಯಾಲ ಒಂದು ಕಣ ಧೂಳಿಲ್ಲ. ಯಪ್ಪಾ, ಈಗ ನೆನಸಿದ್ರೂ ಮೈ ಝುಂ ಅಂತದ.

“ನಡೀರಿ ಹೊರಗ” ಅಂದ ಅಪ್ಪ. ನನ್ನ ಕೈ ಹಿಡದು ಬಾಗಲ ಕಡೆ ಎಳದ. ಅವ್ವಗ ಹೆದರಿಕಿ ಬರಲಿಲ್ಲ, ಸಿಟ್ಟು ಬಂತು. ಗ್ವಾಡಿ ಕಡೆ ತಿರುಗಿ, ಕಾಕೂನ ಖಾಲಿ ಮನಿ ಜೋಡಿ ಜಗಳಕ್ಕ ನಿಂತಳು: “ಇದ್ದಾಗ ಬೇಡಿದಿ. ಸತ್ತ ಮ್ಯಾಲ ಕಸಗೊಳ್ತಿಯೇನ? ನಾ ಹೆತ್ತಾಕಿನೋ, ನೀ ಹೆತ್ತಾಕಿನೋ?”

ಮರುದಿನ ಅವ್ವ ಚರಗಿ ತಗೊಂಡು ಹೋಗೂದರಾಗ ಮಣ್ಣು ಆಗಲೇ ಹಸಿ ಇತ್ತು. ಅದರ ಮರುದಿನಾನೂ ಹಂಗೇ. ಅವ್ವ ಹಟಕ್ಕ ಬಿದ್ಲು. ಚರಗಿ ಬಿಟ್ಟು ಕೊಡ ಹಿಡದಳು. ಮುಂಜಾನಿ ಹಾಕಿ, ಮಧ್ಯಾಹ್ನ ಹಾಕಿ, ಸಂಜಿಗೂ ಹಾಕಿದಳು. ನಮ್ಮದು ಎರಿ ಮಣ್ಣು, ಅಷ್ಟು ನೀರು ಎಲ್ಲಿ ಇಂಗಬೇಕು? ಎಲಿ ಹಳದಿ ಆಗಿ ಉದುರಿದ್ವು. “ಅವ್ವಾ, ಬುಡ ನಾರಾಕತ್ತದ” ಅಂದೆ. ಅಕಿಗೆ ನನ್ನ ಮಾತು ಕೇಳಲೇ ಇಲ್ಲ.

ಮಳಿ ಬೀಳೂದರಾಗ ಗಿಡ ಸತ್ತಿತ್ತು. ಅವ್ವ ಮೆಲ್ಲಗ ಎಳದ್ಲು, ಬೇರು ಕೊಳತು ಕರ್ರಗಾಗಿ ಕೈಯಾಗೇ ಬಂತು. ಅದನ್ನ ಮಡಿಲಾಗ ಇಟ್ಟುಕೊಂಡು ಬಾಳಷ್ಟೊತ್ತು ಕುಂತಳು. ಆಮ್ಯಾಲ ಗ್ವಾಡಿ ಕಡೆ ನೋಡಿ, “ತಗೋ, ಒಯ್ಯಿ” ಅಂದ್ಲು.

ಆಮ್ಯಾಲ ನನ್ನ ಕಡೆ ತಿರುಗಿದ್ಲು. ಎಷ್ಟು ದಿನಕ್ಕೋ ನನ್ನ ಮಾರಿ ನೋಡಿದ್ಲು. “ಬಾ ನನ್ನ ಕೂಸ. ಇನ್ನ ನೀನೇ ನನಗ ಎಲ್ಲಾ. ನಿನ್ನ ಒಂದು ಗಳಿಗಿನೂ ಬಿಟ್ಟಿರಂಗಿಲ್ಲ” ಅಂತ ಎರಡೂ ಕೈ ಚಾಚಿದ್ಲು.

ಆ ಮಾತಿಗೆ ನಾ ಎಷ್ಟು ಹಂಬಲಿಸಿದ್ದೆ! ಆದ್ರ ನನ್ನ ಕಾಲು ತಾವೇ ಹಿಂದ ಸರದ್ವು. ಓಡಿಹೋಗಿ ಅಪ್ಪನ ಧೋತರ ಗಟ್ಟಿ ಹಿಡಕೊಂಡೆ. ಅವ್ವ ಕೈ ಚಾಚೇ ಕುಂತಿದ್ಲು.