ಜ್ವರ ಬರಬಾರದ ಪೆಟ್ಟಿಗೆ

ನಮ್ಮ ಆಸ್ಪತ್ರೆಯ ಅಟೆಂಡರ್ ಒಬ್ಬರ ಜೊತೆ ಕೆಲಸ ಮಾಡಿದ್ದೆನೆಂದು ಈಗಲೂ ಎದೆಯುಬ್ಬಿಸಿ ಹೇಳುತ್ತೇನೆ. ಎಂಬತ್ತರ ದಶಕದ ಕೊನೆಯಲ್ಲಿ ನಾನು ಮಂಡಿಕಲ್ ಕಡೆಯ ಹಳ್ಳಿಯೊಂದರಲ್ಲಿ ನರ್ಸ್ ಆಗಿದ್ದೆ. ಮಕ್ಕಳ ಲಸಿಕೆಯನ್ನು ಚಿಕ್ಕಬಳ್ಳಾಪುರದಿಂದ ಬಸ್ಸಿನಲ್ಲಿ ತರುತ್ತಿದ್ದವರು ಅವರು. ಲಸಿಕೆಯಿಟ್ಟು ಐಸ್ ತುಂಬಿದ ಪೆಟ್ಟಿಗೆಯನ್ನು ಎಷ್ಟೇ ರಶ್ಶಿದ್ದರೂ ಮಡಿಲಿನಿಂದ ಇಳಿಸುತ್ತಿರಲಿಲ್ಲ. ಇಂಜಿನ್ ಪಕ್ಕ ಇಡಿ ಎಂದ ಕಂಡಕ್ಟರಿಗೆಲ್ಲ ಒಂದೇ ಉತ್ತರ: "ಇದಕ್ಕೆ ಜ್ವರ ಬರಬಾರ್ದು ಕಣಪ್ಪ."

ಒಂದು ಬೇಸಿಗೆಯಲ್ಲಿ ದಾರಿಯಲ್ಲೇ ಬಸ್ಸು ಕೆಟ್ಟು, ಅವರು ಬಂದಾಗ ಮಧ್ಯಾಹ್ನ ಮೀರಿತ್ತು. ಕೆಲಸ ಬಿಟ್ಟು ಬಂದ ತಾಯಂದಿರು ಬೆಳಗ್ಗಿನಿಂದ ಕಾದಿದ್ದರು. ಮುಚ್ಚಳ ತೆಗೆದರೆ ಐಸೆಲ್ಲ ಬೆಚ್ಚನೆಯ ನೀರು.

"ಹಾಕಿಬಿಡೋಣ, ಯಾರಿಗೆ ಗೊತ್ತಾಗುತ್ತೆ?" ಎಂದೆ ನಾನು.

ಅವರು ನನ್ನನ್ನು ಬೈಯಲಿಲ್ಲ. ಪೆಟ್ಟಿಗೆಯನ್ನು ತಾಯಂದಿರ ಮುಂದಿಟ್ಟು, "ಇದಕ್ಕೆ ಜ್ವರ ಬಂದೈತೆ ಕಣ್ರಮ್ಮ. ಈ ಔಷಧಿ ಇನ್ನು ಕೆಲಸ ಮಾಡಲ್ಲ, ನೀವೇ ಮುಟ್ಟಿ ನೋಡಿ. ನಾಳೆ ಬೇರೆ ತರ್ತೀನಿ" ಎಂದರು. ಒಬ್ಬೊಬ್ಬರೇ ಬೆರಳದ್ದಿ ನೋಡಿ, ಗೊಣಗುತ್ತಾ ಹೋದರು.

ಮರುದಿನ ಮೊದಲ ಬಸ್ಸಿಗೇ ಅವರು ಬಂದಿಳಿದರು. ತಾಯಂದಿರೂ ಬಂದರು. ಮುಂದಿದ್ದವಳು ಮಗುವನ್ನು ತಕ್ಷಣ ನನ್ನ ಕೈಗೆ ಕೊಡಲಿಲ್ಲ. ಮೊದಲು ಮುಚ್ಚಳ ತೆಗೆಸಿ, ಮಗುವಿನ ಹಣೆ ಮುಟ್ಟುವ ಹಾಗೆ ಐಸಿನ ಮೇಲೆ ಕೈಯಿಟ್ಟಳು.

"ಜ್ವರ ಇಲ್ಲ. ಸೂಜಿ ಹಾಕ್ರಮ್ಮ."