ಬಿ ವಿಂಗಿನ ಸೆನೆಟರ್

ಮೇಡಂ ಮೇಜಿನ ಹಿಂದೆ ನಿಂತರೆ ಕೊನೆಯ ಬೆಂಚಿನವರಿಗೆ ಕಾಣುತ್ತಿದ್ದುದು ಬಿಳಿ ತುರುಬು ಮತ್ತು ಅದಕ್ಕೆ ಸಿಕ್ಕಿಸಿದ ಕೆಂಪು ಪೆನ್ನು ಮಾತ್ರ. ಅಷ್ಟು ಗಿಡ್ಡ. ದನಿ ಮಾತ್ರ ಮುಲುಂಡ್ ಸ್ಟೇಷನ್ನಿನ ಅನೌನ್ಸ್‌ಮೆಂಟನ್ನೂ ಮೀರಿಸುವಂಥದು. ಕ್ಲಾಸಿನ ನಡುವೆ ಒಮ್ಮೆಯಾದರೂ ಮೇಜೆಲ್ಲ ತಡಕಾಡಿ, "ನನ್ನ ಪೆನ್ನು ಯಾರು ತಕ್ಕೊಂಡದ್ದು?" ಎಂದು ಗದರುವರು. ತುರುಬಿನಲ್ಲಿದೆ ಎಂದು ಹೇಳುವ ಧೈರ್ಯ ನಮಗ್ಯಾರಿಗೂ ಇರಲಿಲ್ಲ.

ನಮಗೆ ಅವರು ಕಲಿಸುತ್ತಿದ್ದುದು ಅಮೆರಿಕದ ಸರ್ಕಾರ. ಅಮೆರಿಕವನ್ನು ನಾವೂ ನೋಡಿರಲಿಲ್ಲ, ಅವರೂ ನೋಡಿರಲಿಲ್ಲ. ಹಾಗಾಗಿ ಎಲ್ಲವನ್ನೂ ತಮ್ಮ ಹೌಸಿಂಗ್ ಸೊಸೈಟಿಯಿಂದಲೇ ತೆಗೆದು ಹೇಳುತ್ತಿದ್ದರು. ಎ ವಿಂಗಿನಲ್ಲಿ ಫ್ಲಾಟುಗಳು ಜಾಸ್ತಿ, ಬಿ ವಿಂಗಿನಲ್ಲಿ ಕಮ್ಮಿ. ಫ್ಲಾಟಿನ ಲೆಕ್ಕದಲ್ಲಿ ಸದಸ್ಯರನ್ನು ಕಳಿಸಿದರೆ ಅದು ಕೆಳಮನೆ. ಫ್ಲಾಟು ಎಷ್ಟೇ ಇರಲಿ, ವಿಂಗಿಗೆ ಇಬ್ಬರೇ ಎಂದರೆ ಅದು ಸೆನೆಟ್. ಎಲ್ಲರೂ ಒಪ್ಪಿದ ಮೇಲೂ ಚೇರ್ಮನ್ ಟೆರೇಸಿನ ಕೀಲಿ ಕೊಡದಿದ್ದರೆ ಅದು ವೀಟೊ. ಪಾಠ ನಮಗೆ ಎಷ್ಟು ಚೆನ್ನಾಗಿ ಅರ್ಥವಾಯಿತೆಂದರೆ, ಪರೀಕ್ಷೆಯಲ್ಲಿ ಒಬ್ಬ ಮಹಾಶಯ "ಮಸೂದೆಯು ಎ ವಿಂಗಿನಲ್ಲಿ ಅಂಗೀಕಾರವಾಗಿ ಬಿ ವಿಂಗಿಗೆ ಹೋಗುತ್ತದೆ" ಎಂದು ಬರೆದುಬಂದ. ಮೇಡಂ ಅವನಿಗೆ ಬೈದು, ಅಂಕವನ್ನೂ ಕೊಟ್ಟರು.

ಆ ಬಿ ವಿಂಗಿನಲ್ಲೇ, ಅವರ ಮನೆಯ ಕೆಳಗೆ, ಒಬ್ಬ ಮರಾಠಿ ಆಜಿಯ ಮನೆಯಲ್ಲಿ ನಾನು ಪೇಯಿಂಗ್ ಗೆಸ್ಟ್ ಆಗಿದ್ದೆ. ಕಲಬುರಗಿಯಿಂದ ನನ್ನನ್ನು ಕಳಿಸುವಾಗ ಅಪ್ಪ ಒಂದೇ ಮಾತು ಹೇಳಿದ್ದರು: "ಆ ಆಜಿ ಮನ್ಯಾಗ ಇರೂದಾದ್ರ ಓದು. ಇಲ್ಲಂದ್ರ ಗಾಡಿ ಹತ್ತಿ ಮನಿಗಿ ಬಾ." ಊರಿನಲ್ಲಿ ನನಗಾಗಿ ಒಬ್ಬ ವರನೂ ಕಾದಿದ್ದ. ನನ್ನ ಇಡೀ ಡಿಗ್ರಿ ಆಜಿಯ ಮೂಲೆಯ ಮಂಚದ ಮೇಲೆ ನಿಂತಿತ್ತು.

ಕೊನೆಯ ಪರೀಕ್ಷೆ ಹತ್ತಿರ ಬಂದಾಗ ಚೇರ್ಮನ್ ಸಾಹೇಬರಿಗೆ ಹೊಸ ಜ್ಞಾನೋದಯವಾಯಿತು. ನಮ್ಮ ಬಿಲ್ಡಿಂಗಿಗೆ ಹಗಲಿನಲ್ಲಿ ನೀರು ಬಿಡುವುದು ಮಧ್ಯಾಹ್ನ ಹನ್ನೆರಡಕ್ಕೆ, ಅರ್ಧ ಗಂಟೆ ಮಾತ್ರ. ಅದು ಸಾಲದೇ ಹೋಗುತ್ತಿರುವುದಕ್ಕೆ ಪಿ.ಜಿ. ಹುಡುಗಿಯರೇ ಕಾರಣ ಎಂದು ಅವರು ಕಂಡುಹಿಡಿದರು. ಬರುವ ತಿಂಗಳಿಂದ ಯಾರೂ ಪಿ.ಜಿ. ಇಟ್ಟುಕೊಳ್ಳಬಾರದು, ಭಾನುವಾರ ಬೆಳಗಿನ ಮೀಟಿಂಗಿನಲ್ಲಿ ಮತ ಹಾಕುವುದು ಎಂದು ಬೋರ್ಡಿಗೆ ನೋಟಿಸ್ ಅಂಟಿತು. ಇಡೀ ಬಿಲ್ಡಿಂಗಿನಲ್ಲಿದ್ದ ಪಿ.ಜಿ. ಹುಡುಗಿ ನಾನೊಬ್ಬಳೇ.

ಮೆಟ್ಟಿಲಲ್ಲಿ ಮೇಡಂ ಸಿಕ್ಕಾಗ ನನಗೆ ಅಳುವೇ ಬಂತು. "ಭಾನುವಾರ ಏನಾಗ್ತದ್ರಿ ಮೇಡಂ?"

"ಎಂತ ಆಗುದು? ಕ್ಲಾಸ್ ಉಂಟು. ಪೆನ್ನು ತಕ್ಕೊಂಡು ಬಾ" ಎಂದು ಹತ್ತಿ ಹೋದರು.

ಕಾರುಗಳನ್ನು ಹೊರಗೆ ಹಾಕಿ, ಬಿಲ್ಡಿಂಗಿನ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಜೋಡಿಸಿದರೆ ಅದೇ ನಮ್ಮ ಸಭಾಂಗಣ. ಹಿಂದಿನ ವರ್ಷ ಎಲ್ಲರೂ ಒಟ್ಟಿಗೆ ಕೂಗಾಡಿ ಕುರ್ಚಿ ಮುರಿದಿದ್ದರಿಂದ ಚೇರ್ಮನ್ನರೇ ಒಂದು ನಿಯಮ ಮಾಡಿದ್ದರು: ಮೈಕ್ ಯಾರ ಕೈಯಲ್ಲಿದೆಯೋ ಅವರೇ ಮಾತಾಡಬೇಕು, ಕೆಳಗಿಡುವವರೆಗೆ ಮತ್ತೊಬ್ಬರು ಬಾಯಿ ಹಾಕಬಾರದು. ನಾನು ಆಜಿಯ ಪಕ್ಕದಲ್ಲಿ ನಿಂತಿದ್ದೆ. ಮತಕ್ಕೆ ಮೊದಲು ಯಾರಿಗಾದರೂ ಏನಾದರೂ ಹೇಳುವುದಿದೆಯೇ ಎಂದು ಕೇಳಿದಾಗ ಮೇಡಂ ಎದ್ದು ಮೈಕ್ ತೆಗೆದುಕೊಂಡರು. ಜೀರಿಗೆ ನೀರಿನ ಫ್ಲಾಸ್ಕ್ ಪಕ್ಕದಲ್ಲಿಟ್ಟುಕೊಂಡರು. ಫ್ಲಾಸ್ಕ್ ಕಂಡದ್ದೇ ನನಗೆ ಕಳೆದ ವಾರದ ಪಾಠ ನೆನಪಾಯಿತು. ಮತ ಬೀಳದ ಹಾಗೆ ಮಾತಾಡುತ್ತಲೇ ನಿಲ್ಲುವ ಸೆನೆಟರನ ಪಾಠ, ಫಿಲಿಬಸ್ಟರ್. "ಹಿಂಗ ಮಾತಾಡಿದ್ರ ಏನ್ ಸಿಗ್ತದ್ರಿ?" ಎಂದು ನಾನೇ ಕೇಳಿದ್ದೆ. "ಟೈಮ್ ಸಿಗ್ತದೆ ಮಾರಾಯ್ತಿ. ಅದಕ್ಕಿಂತ ದೊಡ್ಡದು ಎಂತದುಂಟು?" ಎಂದಿದ್ದರು.

ಮೇಡಂ ಇಂಗ್ಲೆಂಡಿನಿಂದ ಹಡಗು ಹೊರಡಿಸಿದರು. ಹಡಗು ಅಮೆರಿಕ ಮುಟ್ಟಿ, ವಸಾಹತುಗಳು ಹುಟ್ಟಿ, ಚಹಾದ ಪೆಟ್ಟಿಗೆಗಳು ಸಮುದ್ರಕ್ಕೆ ಬಿದ್ದವು.

ಚೇರ್ಮನ್ ತಡೆಯಲಾರದೆ, "ಮ್ಯಾಡಮ್, ಇಸ್ಕಾ ಪಾನೀ ಸೇ ಕ್ಯಾ ಸಂಬಂಧ್?" ಎಂದು ಇದಕ್ಕೂ ನೀರಿಗೂ ಇರುವ ಸಂಬಂಧ ಕೇಳಿದರು.

"ಚಾಯ್ ಪಾನೀ ಮೇಂ ಹೀ ಗಿರೀ ಥೀ. ಔರ್ ಮೈಕ್ ಮೇರೇ ಹಾಥ್ ಮೇಂ ಹೈ." ಚಹಾ ಬಿದ್ದದ್ದೂ ನೀರಿಗೇ, ಮೈಕ್ ಇರುವುದೂ ತಮ್ಮ ಕೈಯಲ್ಲೇ ಎಂದು ಮೇಡಂ ಮುಂದುವರಿಸಿದರು.

ಆಮೇಲೆ ಸಂವಿಧಾನ, ಅದರ ತಿದ್ದುಪಡಿಗಳು. ತಿದ್ದುಪಡಿ ಮುಗಿಯುತ್ತ ಬಂದಾಗ ಕೈಗಡಿಯಾರ ನೋಡಿಕೊಂಡು ಪತ್ರೊಡೆಗೆ ಬಂದರು. ಕೆಸುವಿನ ಎಲೆಯ ನಾರು ತೆಗೆಯುವ ರೀತಿಯನ್ನು ಎಷ್ಟು ವಿಸ್ತಾರವಾಗಿ ಹೇಳಿದರೆಂದರೆ, ಎ ವಿಂಗಿನ ಹೆಂಗಸರು ಹುಣಸೆಹಣ್ಣಿನ ಅಳತೆ ಕೇಳತೊಡಗಿದರು. ಆಜಿ ಗೊರಕೆ ಹೊಡೆಯುತ್ತಿದ್ದರು. ಹಿಟ್ಟು ಸವರಿ ಎಲೆ ಸುತ್ತುವ ಹೊತ್ತಿಗೆ ವಾಚ್‌ಮನ್ನನ ಸೀಟಿ ಕೇಳಿತು. ಮೇಲಿನ ಬಾಲ್ಕನಿಯಿಂದ ಚೇರ್ಮನ್ನರ ಹೆಂಡತಿ ಕೂಗಿದರು: "ಅಹೋ, ಪಾಣೀ ಆಲಂ!"

ನೀರು ಬಂದರೆ ನಮ್ಮ ಬಿಲ್ಡಿಂಗಿನಲ್ಲಿ ಮದುವೆಯ ಮುಹೂರ್ತವೂ ನಿಲ್ಲುತ್ತದೆ. ಕುರ್ಚಿಗಳು ಕ್ಷಣದಲ್ಲಿ ಖಾಲಿ. ಎಲ್ಲರಿಗಿಂತ ಮುಂದೆ ಓಡಿದವರು ಚೇರ್ಮನ್. ಮೇಡಂ ಆಮೇಲೆ ಮೈಕ್ ಕೆಳಗಿಟ್ಟು, ನನ್ನತ್ತ ತಿರುಗಿ, "ಬರ್ಕೊಂಡ್ಯಾ?" ಎಂದರು.

ಮುಂದಿನ ಮೀಟಿಂಗಿನಲ್ಲಿ ಮೊದಲು ಮೈಕಿನ ನಿಯಮವನ್ನೇ ರದ್ದು ಮಾಡುವುದೆಂದು ಚೇರ್ಮನ್ ಹೊರಟರು. ಆ ಚರ್ಚೆಯೇ ನೀರು ಬರುವವರೆಗೆ ನಡೆಯಿತು. ಅಷ್ಟರಲ್ಲಿ ನನ್ನ ಪರೀಕ್ಷೆ ಮುಗಿದಿತ್ತು. ಪಾಸಾದೆ, ಮುಂದೆಯೂ ಓದಿದೆ. ವರ ಬೇರೆ ಕಡೆ ಮದುವೆಯಾಗಿ ಸುಖವಾಗಿದ್ದಾನಂತೆ.

ಈಗ ನಾನು ಘಾಟ್ಕೋಪರಿನ ಒಂದು ಕಾಲೇಜಿನಲ್ಲಿ ಅದೇ ಪಾಠ ಮಾಡುತ್ತೇನೆ. ಹೋದ ಮಳೆಗಾಲದಲ್ಲಿ ಮೇಡಂ ತೀರಿಕೊಂಡರು. ಅದೇ ಪ್ಲಾಸ್ಟಿಕ್ ಕುರ್ಚಿಗಳಲ್ಲಿ, ಭಾನುವಾರ ಬೆಳಿಗ್ಗೆ, ಸಂತಾಪ ಸಭೆ. ಫೋಟೋದಲ್ಲೂ ಆ ಕೆಂಪು ಪೆನ್ನು ತುರುಬಿನಲ್ಲೇ ಇತ್ತು. ನನಗೆ ದುಃಖ ತಡೆಯಲಾಗಲಿಲ್ಲ. ಎರಡೇ ಮಾತು ಎನ್ನುತ್ತ ಮೈಕ್ ಹಿಡಿದ ಚೇರ್ಮನ್, ಮೇಡಂ ಜೊತೆಗಿನ ಒಂದೊಂದು ಜಗಳವನ್ನೂ ನೆನೆಸಿಕೊಂಡು ಹೇಳುತ್ತ ಹೋದರು. ಹೇಳುತ್ತ ಅತ್ತರು, ಅಳುತ್ತಲೇ ಮತ್ತೆ ಹೇಳಿದರು. ನಡುವೆ ವಾಚ್‌ಮನ್ನನ ಸೀಟಿ ಕೇಳಿತು. ಚೇರ್ಮನ್ ಮಾತು ನಿಲ್ಲಿಸಲಿಲ್ಲ. ಬಾಲ್ಕನಿಯಿಂದ ಯಾರೂ ಕೂಗಲಿಲ್ಲ. ಒಂದು ಕುರ್ಚಿಯೂ ಅಲುಗಾಡಲಿಲ್ಲ.

ನೀರು ಬಂದು ಹೋಯಿತು.